ಹಳೆಯ ಕಾರು, ಮೋಟಾರ್‌ಸೈಕಲ್‌ಗಳ ದುರಸ್ತಿ ಮತ್ತು ಮಾರ್ಪಾಡು

ತಯಾರಿಕೆ ನಿಂತುಹೋದ, ದಿನಬಳಕೆಯಿಂದ ಹಿಂದೆ ಸರಿದ ಮೋಟಾರು ವಾಹನಗಳನ್ನು ಸ್ವಂತ ಆಸಕ್ತಿಯಿಂದ ಬಿಚ್ಚಿ, ಸರಿಪಡಿಸಿ ಮತ್ತೆ ರಸ್ತೆಗಿಳಿಸುವ ಅಥವಾ ತಮಗೊಪ್ಪುವ ರೂಪಕ್ಕೆ ಬದಲಿಸಿಕೊಳ್ಳುವ ಹವ್ಯಾಸ. ಹೊಟ್ಟೆಪಾಡಿನ ಗ್ಯಾರೇಜು ಕೆಲಸಕ್ಕೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿದೆ. ಗ್ಯಾರೇಜಿಗೆ ಬಂದ ಗಾಡಿ ಬೇಗ ಸರಿಹೋಗಿ ಮಾಲೀಕನ ಕೈಸೇರಬೇಕು. ಹವ್ಯಾಸಿಗೆ ಆ ಅವಸರವಿಲ್ಲ. ಒಂದು ಮೋಟಾರ್‌ಸೈಕಲ್ಲಿಗೆ ವರ್ಷಗಟ್ಟಲೆ ಬಿಡುವಿನ ವೇಳೆಯನ್ನೆಲ್ಲ ಕೊಡುವವರಿದ್ದಾರೆ.

ಕಂಪ್ಯೂಟರ್ ನಿಯಂತ್ರಣ ಬರುವುದಕ್ಕೆ ಮುಂಚಿನ ವಾಹನಗಳ ಬಹುತೇಕ ಭಾಗಗಳು ಕಣ್ಣಿಗೆ ಕಾಣುತ್ತವೆ, ಸ್ಪ್ಯಾನರಿಗೆ ಸಿಗುತ್ತವೆ. ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡರೆ ಊದಿ ಬಿಡಿಸಬಹುದು; ಪಾಯಿಂಟು ಸುಟ್ಟಿದ್ದರೆ ಉಜ್ಜಿ ಸರಿಮಾಡಬಹುದು; ಬೇರಿಂಗ್ ಸವೆದಿದ್ದರೆ ಕಿವಿಗೇ ಕೇಳಿಸುತ್ತದೆ. ಸಾಮಾನ್ಯ ಮನುಷ್ಯ ತನ್ನ ಯಂತ್ರವನ್ನು ಪೂರ್ತಿಯಾಗಿ ಅರ್ಥಮಾಡಿಕೊಳ್ಳಬಹುದಾಗಿದ್ದ ಕಾಲದ ವಾಹನಗಳಿವು. ಆದ್ದರಿಂದ ಈ ಹವ್ಯಾಸ ಲೋಹದ ವಸ್ತುವಿನೊಂದಿಗೆ ಅದನ್ನು ಕಟ್ಟುವ, ಬಿಚ್ಚುವ, ತಿದ್ದುವ ಕೈಕಸುಬನ್ನೂ ಉಳಿಸುತ್ತದೆ. ಇದರ ಹೆಚ್ಚಿನ ಬೆಲೆ ಇರುವುದು ಈ ಎರಡನೆಯದರಲ್ಲಿ.

ವ್ಯಾಪ್ತಿ ಮತ್ತು ವರ್ಗೀಕರಣ

ಈ ಹವ್ಯಾಸದಲ್ಲಿ ನಾಲ್ಕು ಬಗೆಯ ಕೆಲಸಗಳಿವೆ. ಇರುವ ಸ್ಥಿತಿ ಕೆಡದಂತೆ ಕಾಪಾಡುವುದು ಸಂರಕ್ಷಣೆ. ಕೆಟ್ಟ ಭಾಗವನ್ನಷ್ಟೇ ಸರಿಪಡಿಸಿ ಓಡಿಸುವುದು ದುರಸ್ತಿ. ಇಡೀ ವಾಹನವನ್ನು ಬಿಚ್ಚಿ, ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆ ಮತ್ತೆ ಕಟ್ಟುವುದು ಜೀರ್ಣೋದ್ಧಾರ. ಹವ್ಯಾಸಿಗಳ ಮಾತಿನಲ್ಲಿ ರೆಸ್ಟೊರೇಷನ್. ಮೂಲದಲ್ಲಿ ಇಲ್ಲದ ಇಂಜಿನ್, ಬ್ರೇಕು, ಚಕ್ರ, ಟ್ಯಾಂಕು, ಸೀಟುಗಳನ್ನು ಕೂರಿಸಿ ಬೇರೆಯದೇ ಗಾಡಿ ಮಾಡಿಕೊಳ್ಳುವುದು ಮಾರ್ಪಾಡು. ಕರ್ನಾಟಕದ ಗ್ಯಾರೇಜುಗಳಲ್ಲಿ ಇದನ್ನು ಆಲ್ಟರ್ ಮಾಡಿಸುವುದು ಎನ್ನುತ್ತಾರೆ.

ವಯಸ್ಸಿನ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1904ರ ಕೊನೆಯವರೆಗಿನ ಕಾರುಗಳನ್ನು ವೆಟರನ್ ಎಂದೂ 1919ರಿಂದ 1930ರವರೆಗಿನವನ್ನು ವಿಂಟೇಜ್ ಎಂದೂ ಕರೆಯುವುದು ರೂಢಿ. 1966ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟವಾದ ಫಿವಾ, ಕನಿಷ್ಠ 30 ವರ್ಷ ಹಳೆಯದಾದ, ಚರಿತ್ರೆಗೆ ನಿಷ್ಠವಾದ ಸ್ಥಿತಿಯಲ್ಲಿರುವ, ದಿನದ ಓಡಾಟಕ್ಕೆ ಬಳಸದ ವಾಹನವನ್ನು ಐತಿಹಾಸಿಕ ವಾಹನವೆಂದು ಒಪ್ಪುತ್ತದೆ. ಭಾರತದ ನಿಯಮದಲ್ಲಿ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. ಆಡುಮಾತಿನಲ್ಲಿ ಮಾತ್ರ 1980ರ ದಶಕದ ಮಾರುತಿ 800 ಕೂಡ ಹಳೆಯ ಗಾಡಿಯೇ; ಹವ್ಯಾಸಿಗಳು ಅದನ್ನೂ ಅಷ್ಟೇ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ.

ಇತಿಹಾಸ

ಮೋಟಾರು ವಾಹನದ ಆರಂಭದ ದಿನಗಳಲ್ಲಿ ಚಾಲಕನೇ ಮೆಕ್ಯಾನಿಕ್ ಆಗಿರಬೇಕಿತ್ತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರನ್ನು ಅಮೆರಿಕದ ರೈತರು ತಮ್ಮ ಕೊಟ್ಟಿಗೆಯಲ್ಲೇ ರಿಪೇರಿ ಮಾಡಿಕೊಂಡರು; ಹೊಲದ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಯೂ ಕೊಂಡರು. ಹಳೆಯ ಕಾರಿಗೆ ಗೌರವದ ಸ್ಥಾನ ಮೊದಲು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ರಸ್ತೆ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಕಾನೂನನ್ನು ಸಂಭ್ರಮಿಸಲು 1896ರ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ನಿಗೆ ಕಾರುಗಳ ಓಟ ನಡೆದಿತ್ತು. 1927ರಲ್ಲಿ ಅದರ ನೆನಪಿಗೆ ಹಳೆಯ ಕಾರುಗಳನ್ನೇ ಓಡಿಸಲಾಯಿತು. 1905ಕ್ಕಿಂತ ಹಿಂದಿನ ಕಾರುಗಳಿಗೆ ಮೀಸಲಾದ ಆ ಓಟ ಇಂದಿಗೂ ನಡೆಯುತ್ತಿದೆ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ 1934ರಲ್ಲಿ, ಅಮೆರಿಕದ ಆಂಟಿಕ್ ಆಟೊಮೊಬೈಲ್ ಕ್ಲಬ್ 1935ರಲ್ಲಿ ಹುಟ್ಟಿದವು. ಲಂಡನ್–ಬ್ರೈಟನ್ ಓಟವನ್ನೇ ಕಥಾವಸ್ತು ಮಾಡಿಕೊಂಡ 1953ರ ಜೆನೆವೀವ್ ಎಂಬ ಚಲನಚಿತ್ರ ಈ ಹವ್ಯಾಸವನ್ನು ಜನಸಾಮಾನ್ಯರಿಗೆ ಪರಿಚಯಿಸಿತು.

ಮಾರ್ಪಾಡಿನ ಪರಂಪರೆ ಬೆಳೆದ ದಾರಿ ಬೇರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು 1930ರ ದಶಕದಲ್ಲಿ ಅಗ್ಗದ ಹಳೆಯ ಫೋರ್ಡ್‌ಗಳ ಮಡ್‌ಗಾರ್ಡು, ಬಾನೆಟ್ಟು ಕಳಚಿ ತೂಕ ಇಳಿಸಿ, 1932ರಲ್ಲಿ ಬಂದ ಫೋರ್ಡ್ ವಿ–8 ಇಂಜಿನ್ನನ್ನು ಹುರಿಗೊಳಿಸಿ ಒಣಗಿದ ಕೆರೆಯಂಗಳಗಳಲ್ಲಿ ವೇಗದ ಪಂದ್ಯ ನಡೆಸಿದರು. ಇವೇ ಹಾಟ್ ರಾಡ್‌ಗಳು. ಇವುಗಳಿಗೆಂದೇ 1948ರ ಜನವರಿಯಲ್ಲಿ ಹಾಟ್ ರಾಡ್ ಎಂಬ ಮಾಸಪತ್ರಿಕೆ ಶುರುವಾಯಿತು. ಬ್ರಿಟನ್ನಿನಲ್ಲಿ 1950 ಮತ್ತು 60ರ ದಶಕಗಳಲ್ಲಿ ಕೆಫೆ ರೇಸರ್ ಬಂತು. ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರುತ್ತಿದ್ದ ಹುಡುಗರು ಹ್ಯಾಂಡಲ್ ತಗ್ಗಿಸಿ, ಕಾಲಿಡುವ ಪೆಡಲುಗಳನ್ನು ಹಿಂದಕ್ಕೆ ಸರಿಸಿ ಮೋಟಾರ್‌ಸೈಕಲ್ಲುಗಳನ್ನು ರೇಸಿನ ಭಂಗಿಗೆ ತಂದರು. ನಾರ್ಟನ್ ಕಂಪನಿಯ ಫೆದರ್‌ಬೆಡ್ ಚೌಕಟ್ಟು ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಟ್ರಯಂಫ್ ಕಂಪನಿಯ ಜೋಡಿ ಸಿಲಿಂಡರ್ ಇಂಜಿನ್ ಚುರುಕಾಗಿತ್ತು. ಎರಡನ್ನೂ ಸೇರಿಸಿ ಕಟ್ಟಿದ ಟ್ರೈಟನ್, ಹವ್ಯಾಸಿಗಳೇ ಸೃಷ್ಟಿಸಿದ ಗಾಡಿಗಳಲ್ಲಿ ಅತ್ಯಂತ ಹೆಸರಾದದ್ದು.

ಒಬ್ಬಂಟಿ ಹವ್ಯಾಸಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನ್ಯೂಜಿಲೆಂಡಿನ ಬರ್ಟ್ ಮನ್ರೊ ಸಾಕ್ಷಿ. 1920ರಲ್ಲಿ ಕೊಂಡ 600 ಸಿಸಿಯ ಇಂಡಿಯನ್ ಸ್ಕೌಟ್ ಮೋಟಾರ್‌ಸೈಕಲ್ಲನ್ನು ಆತ ದಶಕಗಳ ಕಾಲ ತಿದ್ದುತ್ತಲೇ ಹೋದ. ಪಿಸ್ಟನ್‌ಗಳನ್ನು ಶೆಡ್ಡಿನಲ್ಲಿ ತಾನೇ ಎರಕ ಹೊಯ್ದ. 1967ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಅದೇ ಗಾಡಿಯನ್ನು ಗಂಟೆಗೆ 183 ಮೈಲಿಗೂ ಮೀರಿ ಓಡಿಸಿ 1000 ಸಿಸಿ ವರ್ಗದಲ್ಲಿ ದಾಖಲೆ ಬರೆದ. ಆಗ ಆತನಿಗೆ 68 ವರ್ಷ.

ಕ್ಯೂಬಾದ ಕಥೆಯಲ್ಲಿ ಅನಿವಾರ್ಯತೆಯೇ ಗುರು. ಅಮೆರಿಕದ ವ್ಯಾಪಾರ ನಿರ್ಬಂಧದಿಂದ 1960ರ ನಂತರ ಹೊಸ ಅಮೆರಿಕನ್ ಕಾರುಗಳಾಗಲಿ ಬಿಡಿಭಾಗಗಳಾಗಲಿ ಅಲ್ಲಿಗೆ ಬರುವುದು ನಿಂತಿತು. ಅಲ್ಲಿನ ಮೆಕ್ಯಾನಿಕ್ಕರು 1950ರ ದಶಕದ ಷೆವ್ರೊಲೆ, ಬ್ಯೂಕ್ ಕಾರುಗಳಿಗೆ ಸೋವಿಯತ್ ಕಾರುಗಳ ಭಾಗಗಳನ್ನೂ ಡೀಸೆಲ್ ಇಂಜಿನ್‌ಗಳನ್ನೂ ಹೊಂದಿಸಿ ಇಂದಿಗೂ ಟ್ಯಾಕ್ಸಿಯಾಗಿ ಓಡಿಸುತ್ತಿದ್ದಾರೆ.

ಭಾರತದಲ್ಲಿ

ಭಾರತದ ಹಳೆಯ ವಾಹನಗಳಿಗೆ ಎರಡು ಮೂಲಗಳಿವೆ. ಮೊದಲನೆಯದು ಅರಮನೆಗಳ ಗ್ಯಾರೇಜುಗಳು. ರೋಲ್ಸ್ ರಾಯ್ಸ್, ಡೈಮ್ಲರ್, ಪ್ಯಾಕಾರ್ಡ್, ಬ್ಯೂಕ್ ಮುಂತಾದ ಕಾರುಗಳನ್ನು ಸಂಸ್ಥಾನಿಕರು ಧಾರಾಳವಾಗಿ ತರಿಸಿಕೊಂಡಿದ್ದರು. 1971ರಲ್ಲಿ ರಾಜಧನ ರದ್ದಾದ ಮೇಲೆ ಅವುಗಳನ್ನು ಸಾಕುವುದು ಹಲವರಿಗೆ ಕಷ್ಟವಾಗಿ ಕೆಲವು ಮಾರಾಟವಾದವು, ಕೆಲವು ಷೆಡ್ಡುಗಳಲ್ಲಿ ತುಕ್ಕು ಹಿಡಿದವು. ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ವಿಂಟೇಜ್ ಕಾರು ರ‍್ಯಾಲಿ ಇಂಥ ಕಾರುಗಳನ್ನು ಮತ್ತೆ ಬೆಳಕಿಗೆ ತಂದಿತು.

ಎರಡನೆಯದು ಸ್ವದೇಶಿ ಕಾರ್ಖಾನೆಗಳ ಸರಳ ವಾಹನಗಳು. ಆಮದಿನ ಮೇಲೆ ಬಿಗಿ ನಿಯಂತ್ರಣವಿದ್ದ ಕಾಲದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯಟ್ 1100 ಮತ್ತು ಪದ್ಮಿನಿ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮಹೀಂದ್ರ ಜೀಪು, ಇಷ್ಟರಲ್ಲೇ ದೇಶ ಓಡಾಡಿತು. ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿದ ಅಂಬಾಸಿಡರ್ 1957ರಿಂದ 2014ರವರೆಗೆ ಹೊರ ಆಕಾರ ಹೆಚ್ಚು ಬದಲಾಗದೆ ತಯಾರಾಯಿತು. ಹಾಗಾಗಿ ಒಂದು ಗಾಡಿಯ ಬಾಗಿಲು ಇನ್ನೊಂದಕ್ಕೆ ಕೂರುತ್ತದೆ. ಊರೂರಿನಲ್ಲೂ ಅದರ ಕೆಲಸ ಬಲ್ಲ ಮೇಸ್ತ್ರಿ ಇದ್ದಾನೆ. ಹೊಸಬರು ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ಭಾರತದಲ್ಲಿಲ್ಲ.

ದ್ವಿಚಕ್ರಗಳಲ್ಲಿ ಬುಲೆಟ್ ಮೊದಲನೆಯದು. ಮದರಾಸಿನ ಎನ್‌ಫೀಲ್ಡ್ ಇಂಡಿಯಾ ಕಂಪನಿ 1955ರಿಂದ ಕಟ್ಟಿದ 346 ಸಿಸಿಯ ಈ ಗಾಡಿ ಎರಕದ ಕಬ್ಬಿಣದ ಸಿಲಿಂಡರ್, ಬಲಗಾಲಿನ ಗೇರು, ಎಡಗಾಲಿನ ಬ್ರೇಕುಗಳೊಂದಿಗೆ ದಶಕಗಟ್ಟಲೆ ಮುಂದುವರಿಯಿತು. ರಾಜ್‌ದೂತ್ 175, ಲ್ಯಾಂಬ್ರೆಟಾ, ಬಜಾಜ್ ಚೇತಕ್‌ಗಳಿಗೂ ತಮ್ಮ ತಮ್ಮ ಅಭಿಮಾನಿಗಳಿದ್ದಾರೆ. 1983ರಲ್ಲಿ ಬಂದ ರಾಜ್‌ದೂತ್ 350, ಯಮಹಾ ಆರ್‌ಡಿ 350ರ ಭಾರತೀಯ ರೂಪ. ಜೋಡಿ ಸಿಲಿಂಡರ್, ಆರು ಗೇರುಗಳ ಈ ಟೂ–ಸ್ಟ್ರೋಕ್ ಗಾಡಿ ಪೆಟ್ರೋಲ್ ಕುಡಿಯುತ್ತದೆಂದು ಅಂದಿನ ಮಾರುಕಟ್ಟೆ ಕೈಬಿಟ್ಟಿತು. ಇಂದು ಅದೇ ಗಾಡಿಗೆ ಭಾರಿ ಬೆಲೆ. 1985ರ ಯಮಹಾ ಆರ್‌ಎಕ್ಸ್ 100 ಕೇವಲ 98 ಸಿಸಿಯದಾದರೂ ಅದರ ಚುರುಕು ಮತ್ತು ಸದ್ದಿಗಾಗಿ ಹುಡುಕಿ ಕೊಳ್ಳುವವರು ಈಗಲೂ ಕಡಿಮೆಯಾಗಿಲ್ಲ.

ಪಂದ್ಯಗಳೂ ಈ ವಿದ್ಯೆಯನ್ನು ಬೆಳೆಸಿದವು. ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳಿಗೆ ಫಿಯಟ್, ಹೆರಾಲ್ಡ್, ಜಾವಾ, ಬುಲೆಟ್‌ಗಳನ್ನು ಹವ್ಯಾಸಿಗಳೇ ಸಜ್ಜುಗೊಳಿಸುತ್ತಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಇಂಜಿನ್ ಬಳಸಿ ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ಕಟ್ಟಿ ಒಂದು ಪೀಳಿಗೆಯ ಚಾಲಕರಿಗೂ ಮೆಕ್ಯಾನಿಕ್ಕರಿಗೂ ದಾರಿ ಮಾಡಿಕೊಟ್ಟರು.

ಕರ್ನಾಟಕ ಮತ್ತು ಜಾವಾ–ಯೆಜ್ಡಿ

ಕನ್ನಡ ನಾಡಿಗೆ ಈ ಹವ್ಯಾಸದೊಂದಿಗೆ ಇರುವ ನೇರ ನಂಟು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದದ್ದು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಸ್ಥಾಪಿಸಿದ ಕಂಪನಿಗೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ಬೆಂಬಲವಿತ್ತು. 1961ರಲ್ಲಿ ಯಾದವಗಿರಿಯಲ್ಲಿ ತಯಾರಿಕೆ ಶುರುವಾಯಿತು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಜಾವಾದ ರಚನೆಯಲ್ಲೇ ಹವ್ಯಾಸಿಯನ್ನು ಸೆಳೆಯುವ ಹಲವು ಸಂಗತಿಗಳಿವೆ. 250 ಸಿಸಿಯ ಒಂದೇ ಸಿಲಿಂಡರಿಗೆ ಎರಡು ಹೊಗೆದಾರಿ, ಎರಡು ಸೈಲೆನ್ಸರ್. ಗೇರು ಬದಲಿಸುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ ಆಗುತ್ತದೆ. ಗೇರು ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುವ ವ್ಯವಸ್ಥೆಯೂ ಇದೆ. ಟೂ–ಸ್ಟ್ರೋಕ್ ಆದ್ದರಿಂದ ವಾಲ್ವು, ಟ್ಯಾಪೆಟ್ ಯಾವುದೂ ಇಲ್ಲ. ಮನೆಯಂಗಳದಲ್ಲೇ ಇಂಜಿನ್ ಇಳಿಸಿ, ಸಿಲಿಂಡರ್ ಬಿಚ್ಚಿ, ಹೊಗೆದಾರಿಯಲ್ಲಿ ಕಟ್ಟಿದ ಮಸಿ ಕೆರೆದು ಸಂಜೆಯೊಳಗೆ ಮತ್ತೆ ಜೋಡಿಸಬಹುದು. ಕಾರ್ಖಾನೆಯಲ್ಲಿ ದುಡಿದವರ, ಅವರಿಂದ ಕಲಿತವರ ಕೈಗುಣದಿಂದಾಗಿ ಮೈಸೂರು ಇಂದಿಗೂ ಈ ಗಾಡಿಗಳ ತವರು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಅಂತರರಾಷ್ಟ್ರೀಯ ಜಾವಾ–ಯೆಜ್ಡಿ ದಿನದಂದು ಬೆಂಗಳೂರು, ಮೈಸೂರುಗಳಲ್ಲಿ ಮಾಲೀಕರು ತಮ್ಮ ಗಾಡಿಗಳೊಂದಿಗೆ ಸೇರುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಕಂಪನಿಯ ಫೋರ್–ಸ್ಟ್ರೋಕ್ ಗಾಡಿಗಳ ಮೇಲೆ ಮರಳಿ ಬಂದವು. ಹೆಸರು ಹೀಗೆ ಬದುಕಿ ಉಳಿಯಲು ಕಾರ್ಖಾನೆ ಮುಚ್ಚಿದ ಎರಡು ದಶಕಗಳಲ್ಲಿ ಹಳೆಯ ಗಾಡಿಗಳನ್ನು ಓಡಿಸುತ್ತಲೇ ಇದ್ದ ಹವ್ಯಾಸಿಗಳ ಪಾಲು ದೊಡ್ಡದು.

ಕೆಲಸದ ಕ್ರಮ

ಪರಿಶೀಲನೆ: ಕೆಲಸ ಶುರುವಾಗುವುದು ಕಾಗದಪತ್ರದಿಂದ. ಆರ್‌ಸಿ ಪುಸ್ತಕದಲ್ಲಿರುವ ಇಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ಗಾಡಿಯ ಮೇಲಿನ ಸಂಖ್ಯೆಗಳಿಗೆ ತಾಳೆಯಾಗಬೇಕು. ಬಿಚ್ಚುವ ಮೊದಲು ಪ್ರತಿಯೊಂದು ಕೋನದಿಂದ ಫೋಟೊ ತೆಗೆದು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಚೀಟಿ ಹಚ್ಚಿದ ಡಬ್ಬಿಗಳಲ್ಲಿ ಇಡುವುದು ಮೊದಲ ಪಾಠ. ಬ್ರಿಟಿಷ್ ಮೂಲದ ಗಾಡಿಗಳಲ್ಲಿ ವಿಟ್‌ವರ್ತ್ ಮುಂತಾದ ಅಂಗುಲ ಅಳತೆಯ ಮರೆಗಳಿರುತ್ತವೆ, ಜಾವಾದಲ್ಲಿ ಮಿಲಿಮೀಟರ್ ಅಳತೆ. ಒಂದಕ್ಕೆ ಇನ್ನೊಂದರ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಗಳು ಹಾಳಾಗುತ್ತವೆ.

ಇಂಜಿನ್: ವರ್ಷಗಟ್ಟಲೆ ನಿಂತ ಗಾಡಿಯನ್ನು ಒಮ್ಮೆಲೇ ಕಿಕ್ ಹೊಡೆಯಬಾರದು. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿರಬಹುದು. ಪ್ಲಗ್ ತೆಗೆದು ಆ ರಂಧ್ರದಿಂದ ತೆಳುವಾದ ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಟ್ಟು, ಆಮೇಲೆ ನಿಧಾನವಾಗಿ ತಿರುಗಿಸಿ ನೋಡಬೇಕು. ಸಿಲಿಂಡರ್ ಸವೆದಿದ್ದರೆ ಲೇತಿನಂಗಡಿಯಲ್ಲಿ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಅಳತೆಯ ಪಿಸ್ಟನ್ ಹಾಕುತ್ತಾರೆ. ಬೋರ್ ಆದ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರು ಹದವಾಗಿ ಓಡಿಸಿ ಪಳಗಿಸಬೇಕು. ಟೂ–ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳೇ ಪ್ರಾಣ. ಅವು ಗಟ್ಟಿಯಾಗಿ ಸೀಳಿದರೆ ಹೊರಗಿನ ಗಾಳಿ ಒಳಹೊಕ್ಕು ಮಿಶ್ರಣದಲ್ಲಿ ಪೆಟ್ರೋಲ್ ಅಂಶ ಕಡಿಮೆಯಾಗುತ್ತದೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಳೆಯ ಬುಲೆಟ್ಟಿನಲ್ಲಿ ಟ್ಯಾಪೆಟ್ ಹೊಂದಿಸಲು ಅಳತೆಯ ತಗಡೂ ಬೇಡ: ಇಂಜಿನ್ ತಣ್ಣಗಿರುವಾಗ ಪುಷ್‌ರಾಡ್ ಬೆರಳಿನಲ್ಲಿ ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು.

ಇಂಧನ: ಒಂದೇ ಹೆಸರಿನ ಪೆಟ್ರೋಲು ಕಾಲಕಾಲಕ್ಕೆ ಬದಲಾಗಿದೆ. ಸೀಸ ಬೆರೆತ ಪೆಟ್ರೋಲ್ ಭಾರತದಲ್ಲಿ 2000ದ ಫೆಬ್ರವರಿಯಿಂದ ನಿಂತಿತು. ವಾಲ್ವು ಕೂರುವ ಜಾಗವನ್ನು ಸವೆತದಿಂದ ಕಾಪಾಡುತ್ತಿದ್ದ ಸೀಸ ಇಲ್ಲವಾದ್ದರಿಂದ ಹಳೆಯ ಇಂಜಿನ್ ಬಿಚ್ಚಿದಾಗ ಗಡಸು ಲೋಹದ ವಾಲ್ವ್ ಸೀಟುಗಳನ್ನು ಕೂರಿಸುವುದು ಒಳ್ಳೆಯದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಬಿಡುಗಡೆಯಾದ, ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಇಂದಿನ ಮುಖ್ಯ ಸವಾಲು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಸೀಲುಗಳನ್ನು ಮೆತ್ತಗೆ ಮಾಡುತ್ತದೆ. ಎಥೆನಾಲ್ ತಾಳುವ ಪೈಪುಗಳನ್ನು ಹಾಕುವುದು, ಬಹಳ ದಿನ ನಿಲ್ಲಿಸುವಾಗ ಕಾರ್ಬುರೇಟರ್ ಖಾಲಿಮಾಡುವುದು ಇದಕ್ಕೆ ಪರಿಹಾರ.

ವಿದ್ಯುತ್ ವ್ಯವಸ್ಥೆ: ಹಳೆಯ ಗಾಡಿ ನಿಂತುಬಿಡಲು ಸಾಮಾನ್ಯ ಕಾರಣ ಕಿಡಿ ಇಲ್ಲದಿರುವುದು. ಪಾಯಿಂಟಿನ ಅಂತರ, ಕಂಡೆನ್ಸರ್, ಕಾಯಿಲ್, ಪ್ಲಗ್ ಈ ಸಾಲಿನಲ್ಲಿ ತಪಾಸಣೆ ನಡೆಯುತ್ತದೆ. ಪ್ಲಗ್ಗಿನ ಬಣ್ಣವೇ ಇಂಜಿನ್ನಿನ ಆರೋಗ್ಯ ಹೇಳುತ್ತದೆ: ತಿಳಿಕಂದು ಇದ್ದರೆ ಹದ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಚಾಸಿಸ್ಸಿಗೆ ಜೋಡಿಸುವ ಪದ್ಧತಿಯಿತ್ತು. ಅದನ್ನು ತಿಳಿಯದೆ ಇಂದಿನ ರೂಢಿಯಂತೆ ಬ್ಯಾಟರಿ ಜೋಡಿಸಿದರೆ ವ್ಯವಸ್ಥೆ ಸುಟ್ಟುಹೋಗಬಹುದು. ಬಟ್ಟೆ ಸುತ್ತಿದ ಹಳೆಯ ವೈರುಗಳು ಬೆಂಕಿಗೆ ಕಾರಣವಾಗುವುದರಿಂದ ಪೂರ್ತಿ ಹೊಸ ವೈರಿಂಗ್ ಮಾಡಿಸಿ ಫ್ಯೂಸ್ ಹಾಕುವುದು ಲೇಸು.

ಬಾಡಿ ಮತ್ತು ಬಣ್ಣ: ಹೊರಗೆ ಹೊಳೆಯುವ ಬಣ್ಣದ ಕೆಳಗೆ ಕೈಬೆರಳು ದಪ್ಪದ ಪುಟ್ಟಿ ಇರಬಹುದು. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಪುಟ್ಟಿಯ ಮೇಲೆ ಅದು ಕಚ್ಚುವುದಿಲ್ಲ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆದು, ಸುತ್ತಿಗೆ ಮತ್ತು ಅಡಿಗಟ್ಟಿಯಿಂದ ತಟ್ಟಿ ಆಕಾರಕ್ಕೆ ತರುವುದು ಟಿಂಕರಿಂಗ್ ಕೆಲಸ. ಸಣ್ಣ ಭಾಗಗಳ ತುಕ್ಕನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ವಿದ್ಯುತ್ ಹಾಯಿಸಿ ಮನೆಯಲ್ಲೇ ಬಿಡಿಸಬಹುದು: ಋಣಾಗ್ರ ತುಕ್ಕು ಹಿಡಿದ ಭಾಗಕ್ಕೆ, ಧನಾಗ್ರ ಒಂದು ಹಳೆಯ ಕಬ್ಬಿಣದ ತುಂಡಿಗೆ. ಸ್ಟೇನ್‌ಲೆಸ್ ಸ್ಟೀಲ್ ತುಂಡು ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುವುದರಿಂದ ಅದನ್ನು ಬಳಸಬಾರದು. ಹ್ಯಾಂಡಲ್, ಬಂಪರ್, ಸೈಲೆನ್ಸರುಗಳಿಗೆ ತಾಮ್ರ, ನಿಕ್ಕಲ್, ಕ್ರೋಮ್ ಹೀಗೆ ಪದರ ಪದರವಾಗಿ ಲೇಪ ಹಾಕಿಸುತ್ತಾರೆ.

ಬಿಡಿಭಾಗ ಮತ್ತು ಕುಶಲಕರ್ಮಿಗಳು

ಹವ್ಯಾಸಿಯ ಅರ್ಧ ಜೀವನ ಬಿಡಿಭಾಗ ಹುಡುಕುವುದರಲ್ಲಿ ಕಳೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಮುಂಬಯಿಯ ಚೋರ್ ಬಜಾರ್, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಕರೋಲ್‌ಬಾಗ್ ಬಿಡಿಭಾಗಗಳ ಪ್ರಸಿದ್ಧ ನೆಲೆಗಳು. ಕಾರ್ಖಾನೆಯ ಪೊಟ್ಟಣದಲ್ಲೇ ಉಳಿದ ಹಳೆಯ ಭಾಗ, ಇನ್ನೊಂದು ಗಾಡಿಯಿಂದ ಕಳಚಿದ ಭಾಗ, ಈಚೆಗೆ ಮಾಡಿದ ನಕಲು ಭಾಗ ಎಂದು ಮೂರು ಬಗೆ. ನಕಲು ಪಿಸ್ಟನ್, ಬ್ರೇಕ್ ಭಾಗಗಳಲ್ಲಿ ಲೋಹದ ಗುಣಮಟ್ಟ ನೋಡದೆ ಕೊಂಡರೆ ಅಪಾಯ. ಜಾವಾದ ಕೆಲವು ಭಾಗಗಳನ್ನು ಜೆಕ್ ದೇಶದಿಂದ ತರಿಸುವವರೂ ಇದ್ದಾರೆ.

ಎಲ್ಲಿಯೂ ಸಿಗದ ಭಾಗವನ್ನು ಮಾಡಿಕೊಡುವವರು ಕುಶಲಕರ್ಮಿಗಳು. ಲೇತಿನವರು, ಟಿಂಕರ್‌ಗಳು, ರೇಡಿಯೇಟರ್ ಬೆಸೆಯುವವರು, ಕುಶನ್ ಕೆಲಸದವರು, ಹಳೆಯ ಕಾರುಗಳ ಮರದ ಒಳಚೌಕಟ್ಟನ್ನು ಹೊಸದಾಗಿ ಕೂರಿಸುವ ಬಡಗಿಗಳು, ಟ್ಯಾಂಕಿನ ಮೇಲೆ ಕುಂಚದಿಂದ ಒಂದೇ ಎಳೆಯಲ್ಲಿ ಗೆರೆ ಎಳೆಯುವವರು ಇಲ್ಲದಿದ್ದರೆ ಈ ಹವ್ಯಾಸವೇ ಇಲ್ಲ. ಇವರಲ್ಲಿ ಹೆಚ್ಚಿನವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಚಿಕ್ಕ ವಯಸ್ಸಿನಲ್ಲಿ ಗುರುವಿನ ಪಕ್ಕ ನಿಂತು ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರು. ರ‍್ಯಾಲಿಗಳಲ್ಲಿ ಬಹುಮಾನ ಪಡೆದ ಕಾರಿನ ಮಾಲೀಕನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಮೇಸ್ತ್ರಿಯ ಹೆಸರು ಬರುವುದಿಲ್ಲ. ಈ ಪದ್ಧತಿ ಬದಲಾಗಬೇಕು.

ಮಾರ್ಪಾಡಿನ ಬಗೆಗಳು

ಮಾರ್ಪಾಡುಗಳನ್ನು ಸ್ಥೂಲವಾಗಿ ಮೂರಾಗಿ ನೋಡಬಹುದು. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, 6 ವೋಲ್ಟಿನ ಬದಲು 12 ವೋಲ್ಟ್, ಡ್ರಮ್ಮಿನ ಬದಲು ಡಿಸ್ಕ್ ಬ್ರೇಕ್ ಮುಂತಾದವು ಸುರಕ್ಷತೆ ಮತ್ತು ಅನುಕೂಲಕ್ಕಾಗಿ. ಸಿಲಿಂಡರಿನ ಪೋರ್ಟುಗಳನ್ನು ತಿದ್ದುವುದು, ಕಾರ್ಬುರೇಟರ್ ದೊಡ್ಡದು ಮಾಡುವುದು, ಒಳಗೆ ಹಿಗ್ಗಿ ಕುಗ್ಗುವ ಆಕಾರದ ಎಕ್ಸ್‌ಪಾನ್ಷನ್ ಚೇಂಬರ್ ಹಾಕುವುದು ವೇಗಕ್ಕಾಗಿ. ಆರ್‌ಎಕ್ಸ್ 100 ಮತ್ತು ಆರ್‌ಡಿ 350 ಈ ಪ್ರಯೋಗಗಳಿಗೆ ನೆಚ್ಚಿನ ಗಾಡಿಗಳು. ಉದ್ದ ಫೋರ್ಕಿನ ಚಾಪರ್, ಮಡ್‌ಗಾರ್ಡು ಕತ್ತರಿಸಿದ ಬಾಬರ್, ಹ್ಯಾಂಡಲ್ ತಗ್ಗಿಸಿದ ಕೆಫೆ ರೇಸರ್ ರೂಪಗಳು ಅಂದಕ್ಕಾಗಿ. ಭಾರತದಲ್ಲಿ ಇವುಗಳಿಗೆ ಹೆಚ್ಚಾಗಿ ಒದಗುವುದು ಬುಲೆಟ್.

ಪೆಟ್ರೋಲ್ ಇಂಜಿನ್ ತೆಗೆದು ವಿದ್ಯುತ್ ಮೋಟಾರ್ ಕೂರಿಸುವ ಪ್ರಯೋಗಗಳೂ ಈಗ ನಡೆಯುತ್ತಿವೆ. ಹಾಗೆ ಮಾಡಿದ ವಾಹನ ಐತಿಹಾಸಿಕ ವಾಹನವಾಗಿ ಉಳಿಯುವುದಿಲ್ಲ ಎಂಬುದು ಫಿವಾದ ನಿಲುವು. ಮೂಲ ಭಾಗಗಳನ್ನು ಜೋಪಾನವಾಗಿಟ್ಟು, ಮತ್ತೆ ಹಿಂದಿನಂತೆ ಮಾಡಬಹುದಾದ ರೀತಿಯಲ್ಲಿ ಬದಲಾವಣೆ ಮಾಡಬೇಕೆಂದು ಅದು ಸಲಹೆ ಕೊಡುತ್ತದೆ. ಇದೇ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಹೊಸದು ಮಾಡುವುದಕ್ಕಿಂತ ಇರುವುದನ್ನು ಉಳಿಸುವುದು ಮೇಲು ಎನ್ನುತ್ತದೆ. ಕಾರ್ಖಾನೆಯ ಮೂಲ ಬಣ್ಣ ಮಾಸಿದ್ದರೂ ಅದು ದಾಖಲೆ. ಉಜ್ಜಿ ಹಾಕಿದ ಮೇಲೆ ಎಷ್ಟು ಹಣ ಕೊಟ್ಟರೂ ಮರಳಿ ಬಾರದು.

ಕಾನೂನು

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಇಂಜಿನ್ ಬದಲಿಸಲು ಅಥವಾ ಗ್ಯಾಸ್ ಕಿಟ್ ಹಾಕಿಸಲು ಅನುಮತಿ ಪಡೆಯಬೇಕು. ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕುವುದು ಅಪರಾಧ. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ವಶಪಡಿಸಿಕೊಂಡು ರೋಡ್ ರೋಲರಿನಡಿ ಪುಡಿಮಾಡಿದ್ದಾರೆ.

2021 ಭಾರತದ ಹಳೆಯ ವಾಹನಗಳಿಗೆ ಮುಖ್ಯ ವರ್ಷ. ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ರಾಷ್ಟ್ರೀಯ ನೀತಿ ಪ್ರಕಟವಾದ ಆ ವರ್ಷವೇ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳೂ ಬಂದವು. 50 ವರ್ಷಕ್ಕಿಂತ ಹಳೆಯ, ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇವು ಅನ್ವಯ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ವಿಎ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಚರಿತ್ರೆಯ ವಾಹನವನ್ನು ಗುಜರಿಯಿಂದ ಬೇರ್ಪಡಿಸಿ ನೋಡಿದ್ದು ಈ ನಿಯಮಗಳ ದೊಡ್ಡ ಗುಣ.

ಸುರಕ್ಷತೆ ಮತ್ತು ಪರಿಸರ

ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಅದರ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿನಷ್ಟೇ ಅಪಾಯಕಾರಿ. ಒಳಗೆ ಉಳಿದ ಆವಿ ವೆಲ್ಡಿಂಗಿನ ಕಿಡಿಗೆ ಸಿಡಿಯುತ್ತದೆ. ಜ್ಯಾಕಿನ ಮೇಲಷ್ಟೇ ನಿಂತ ಕಾರಿನಡಿ ಯಾರೂ ತೂರಬಾರದು, ಭದ್ರವಾದ ಸ್ಟ್ಯಾಂಡು ಕೊಡಬೇಕು. ಬಳಸಿದ ಎಣ್ಣೆ, ಬ್ಯಾಟರಿ ಆಮ್ಲಗಳನ್ನು ಚರಂಡಿಗೆ ಬಿಡದೆ ಅವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಹಳೆಯ ಇಂಜಿನ್‌ಗಳು ಇಂದಿನವಕ್ಕಿಂತ ಹೆಚ್ಚು ಹೊಗೆ ಉಗುಳುತ್ತವೆ. ಟೂ–ಸ್ಟ್ರೋಕಿನಲ್ಲಿ ಎಣ್ಣೆಯೂ ಪೆಟ್ರೋಲಿನೊಂದಿಗೇ ಉರಿಯುತ್ತದೆ, ಒಂದಿಷ್ಟು ಇಂಧನ ಉರಿಯದೆಯೇ ಹೊರಬೀಳುತ್ತದೆ. ಈ ದೂರು ನಿಜ. ಆದರೆ ಹವ್ಯಾಸಿಯ ಗಾಡಿ ವರ್ಷದಲ್ಲಿ ಓಡುವ ದೂರ ಅತ್ಯಲ್ಪ. ಒಳ್ಳೆಯ ಸ್ಥಿತಿಯಲ್ಲಿಟ್ಟು ಅಪರೂಪಕ್ಕೆ ಓಡಿಸುವುದು ಎರಡೂ ಕಡೆಗೆ ನ್ಯಾಯ ಸಲ್ಲಿಸುವ ದಾರಿ.

ಸಂಗ್ರಹಾಲಯಗಳು

ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳನ್ನು ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿಯೂ ನೋಡಬಹುದು. ಕೊಯಮತ್ತೂರಿನ ಜೀಡಿ ಕಾರು ಸಂಗ್ರಹಾಲಯ, ಅಹಮದಾಬಾದಿನಲ್ಲಿ ಪ್ರಾಣಲಾಲ್ ಭೋಗಿಲಾಲ್ ಕಟ್ಟಿದ ಆಟೊ ವರ್ಲ್ಡ್, ಹರಿಯಾಣದ ತಾವಡುವಿನ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಸಂಗ್ರಹಾಲಯ ದೇಶದ ಇತರ ಮುಖ್ಯ ಸಂಗ್ರಹಗಳು.

ಮುಂದಿನ ಅಗತ್ಯ

ವಾಹನ ಉಳಿದು ಅದನ್ನು ತೆರೆಯಬಲ್ಲ ಕೈಗಳು ಇಲ್ಲವಾದರೆ ಅದು ನಿಂತಲ್ಲೇ ನಿಲ್ಲುವ ಬೊಂಬೆ. ಪಾಯಿಂಟು, ಕಾರ್ಬುರೇಟರು ಬಲ್ಲ ಹಿರಿಯ ಮೆಕ್ಯಾನಿಕ್ಕರು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಅವರ ವಿದ್ಯೆಯನ್ನು ಕನ್ನಡದಲ್ಲಿ ಬರೆದಿಡುವ, ವಿಡಿಯೊ ಮಾಡಿಡುವ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಅವರಿಂದಲೇ ಪಾಠ ಹೇಳಿಸುವ ಕೆಲಸ ಈಗಲೇ ಆಗಬೇಕು. ಮನೆಯ ಹಿತ್ತಿಲಿನಲ್ಲೋ ಊರಿನ ಕಣಜದಲ್ಲೋ ಹಳೆಯ ಗಾಡಿ ಇದ್ದವರು ಅದನ್ನು ಗುಜರಿಗೆ ತೂಗುವ ಮುನ್ನ ಆರ್‌ಸಿ ಪುಸ್ತಕ ಹುಡುಕಿ ತೆಗೆದಿಡಬೇಕು, ಇಂಜಿನ್ ಮತ್ತು ಚಾಸಿಸ್ ಸಂಖ್ಯೆ ಬರೆದುಕೊಳ್ಳಬೇಕು, ಹತ್ತಿರದ ಹವ್ಯಾಸಿ ಸಂಘವನ್ನೋ ಹಿರಿಯ ಮೆಕ್ಯಾನಿಕ್ಕನನ್ನೋ ಒಮ್ಮೆ ಕೇಳಬೇಕು. ದಾಖಲೆ ಸರಿಯಿದ್ದು ಚಾಸಿಸ್ ಗಟ್ಟಿಯಿರುವ ಗಾಡಿಯನ್ನು ಮತ್ತೆ ಓಡಿಸುವುದು ಬಹುಪಾಲು ಸಾಧ್ಯ.